ಮೊದಲು ಇಸವಿ, ಆಮೇಲೆ ಪೆಟ್ಟಿಗೆ: ಪ್ಲಾಸ್ಟಿಕ್ ನೈಟ್‌ಗಳ ದಂಡು ಕಟ್ಟುವುದು ಹೇಗೆ

ಟೇಬಲ್ಲಿನ ಮೇಲೆ ಯುದ್ಧದಾಟ ಆಡಲು ಪ್ಲಾಸ್ಟಿಕ್ ನೈಟ್‌ಗಳ, ಅಂದರೆ ಹಳೆಯ ಕಾಲದ ಯುರೋಪಿನ ಕವಚಧಾರಿ ಯೋಧರ ಗೊಂಬೆಗಳ, ದಂಡು ಕಟ್ಟಬೇಕು ಅಂತ ಆಸೆಪಟ್ಟು ಬರುವವರಿಗೆ ನಾನು ಕೇಳುವ ಮೊದಲ ಪ್ರಶ್ನೆ ಒಂದೇ: ಯಾವ ಇಸವಿ? ಯಾವ ಕಂಪನಿ, ಎಷ್ಟು ದುಡ್ಡು, ಯಾವ ಅಂಟು, ಎಲ್ಲ ಆಮೇಲೆ. ಯುರೋಪಿನಲ್ಲಿ ಉಕ್ಕು ತೊಟ್ಟು ಕುದುರೆ ಏರಿದವರ ಕಾಲ ನಾನೂರು ವರ್ಷಕ್ಕೂ ಜಾಸ್ತಿ. 1187ರಲ್ಲಿ ಪ್ಯಾಲೆಸ್ಟೈನಿನಲ್ಲಿ ನಡೆದ ಹತ್ತೀನ್ ಕದನದ ಸವಾರನನ್ನು 1415ರಲ್ಲಿ ಫ್ರಾನ್ಸಿನಲ್ಲಿ ನಡೆದ ಅಜಿನ್‌ಕೋರ್ಟ್ ಕದನಕ್ಕೆ ಇಳಿಸುವುದೂ ಒಂದೇ, 1565ರ ತಾಳಿಕೋಟೆಯ ಸೈನಿಕನನ್ನು ತಂದು 1799ರ ಶ್ರೀರಂಗಪಟ್ಟಣದ ಕೋಟೆ ಮೇಲೆ ನಿಲ್ಲಿಸುವುದೂ ಒಂದೇ. ನಮ್ಮ ಕಡೆಯ ಇತಿಹಾಸ ಗೊತ್ತಿರುವ ಯಾರಿಗಾದರೂ ಅದು ತಟ್ಟನೆ ಕಣ್ಣಿಗೆ ಚುಚ್ಚುತ್ತದೆ, ಅಲ್ವಾ? ಅವರ ಇತಿಹಾಸಕ್ಕೂ ಅಷ್ಟೇ ಮರ್ಯಾದೆ ಕೊಡಬೇಕು ಅನ್ನುವುದು ನನ್ನ ಮಾತು.

ಇಸವಿ ಒಂದು ಗೊತ್ತಾದರೆ ಹೆಲ್ಮೆಟ್ಟು, ಗುರಾಣಿ, ಕುದುರೆಯ ಹೊದಿಕೆ ಎಲ್ಲ ತಾವಾಗಿ ತೀರ್ಮಾನವಾಗುತ್ತವೆ. ಹತ್ತೀನ್ ಕಾಲದವನಿಗೆ ಮೈತುಂಬ ಸಣ್ಣ ಸಣ್ಣ ಬಳೆ ಕೋದ ಉಕ್ಕಿನ ಅಂಗಿ, ಕೈಯಲ್ಲಿ ದೊಡ್ಡ ಗುರಾಣಿ. ತಲೆ, ಮುಖ ಪೂರ್ತಿ ಮುಚ್ಚುವ ಗ್ರೇಟ್ ಹೆಲ್ಮ್ ಚೆನ್ನಾಗಿ ಬಳಕೆಗೆ ಬಂದಿದ್ದು 13ನೇ ಶತಮಾನದಲ್ಲಿ. ಅಂಗಿಯ ಮೇಲೊಂದು ಬಟ್ಟೆಯ ನಿಲುವಂಗಿ, ಕುದುರೆಗೂ ಕಾಲಿನವರೆಗೆ ಇಳಿಬಿದ್ದ ಬಟ್ಟೆ, ಇವೂ ಆ ಕಾಲದ್ದೇ. 1346ರ ಕ್ರೆಸಿ ಕದನದ ಹೊತ್ತಿಗೆ ಕೈಕಾಲಿಗೆ ಉಕ್ಕಿನ ತಗಡು ಬಂದಿತ್ತು, ತಲೆಗೆ ಮುಖದ ಮೇಲೆ ಮುಚ್ಚಳ ಇಳಿಬಿಡುವ ಬ್ಯಾಸಿನೆಟ್ ಬಂದಿತ್ತು. 1415ಕ್ಕೆ ಮೈಯೆಲ್ಲ ಹೆಚ್ಚುಕಮ್ಮಿ ತಗಡಿನ ಕವಚ. ಹಾಗಾಗಿ ಗುರಾಣಿ ಬಹುಮಟ್ಟಿಗೆ ಕೈಬಿಟ್ಟುಹೋಗಿತ್ತು.

ಇದನ್ನು ತಿಳಿದುಕೊಂಡು ಪೆಟ್ಟಿಗೆ ನೋಡಿ. ಟೆಂಪ್ಲರ್, ಟ್ಯೂಟಾನಿಕ್ ಅಂದರೆ ಕ್ರೈಸ್ತ ಯೋಧ-ಸನ್ಯಾಸಿಗಳ ಎರಡು ಪಂಗಡ. ಇಟಲಿಯ ಫೈರ್‌ಫೋರ್ಜ್ ಕಂಪನಿಯ ಟೆಂಪ್ಲರ್ ಮತ್ತು ಟ್ಯೂಟಾನಿಕ್ ನೈಟ್‌ಗಳ ಪೆಟ್ಟಿಗೆಗಳಲ್ಲಿ ತಲಾ 12 ಸವಾರರು ಇರುತ್ತಾರೆ. ಗ್ರೇಟ್ ಹೆಲ್ಮ್ ಹಾಕಿ ಜೋಡಿಸಿದರೆ ಇವರು 13ನೇ ಶತಮಾನದವರು. ಟ್ಯೂಟಾನಿಕ್ ನೈಟ್‌ಗಳು 1242ರ ಏಪ್ರಿಲ್ 5ರಂದು ಎಸ್ಟೋನಿಯಾ-ರಷ್ಯಾ ಗಡಿಯ ಪೈಪಸ್ ಸರೋವರದ ಹತ್ತಿರ ನಡೆದ ಕದನಕ್ಕೆ ಸರಿಹೋಗುತ್ತಾರೆ. ಇಂಗ್ಲೆಂಡಿನ ಪೆರಿ ಮಿನಿಯೇಚರ್ಸ್ ಅವಳಿ ಅಣ್ಣತಮ್ಮಂದಿರಾದ ಅಲನ್ ಮತ್ತು ಮೈಕೆಲ್ ಪೆರಿ ಅವರದು. ಅವರ ಅಜಿನ್‌ಕೋರ್ಟ್ ಸವಾರರ ಪೆಟ್ಟಿಗೆ 1415ರಿಂದ 1429ರವರೆಗಿನ ಕಾಲದ್ದು, ಅದರಲ್ಲೂ 12 ಜನ. 1450ರಿಂದ 1500ರವರೆಗಿನ ಕಾಲದ ಕಾಲ್ದಳದ ನೈಟ್‌ಗಳ ಪೆಟ್ಟಿಗೆಯಲ್ಲಿ 38 ಜನ. ಕವಚದ ಮಡಿಕೆ, ಬಕಲ್ಲು, ಬೆರಳಿನ ಗಂಟಿನವರೆಗೆ ಪೆರಿಯವರ ಕೆಲಸ ನೋಡಿದರೆ ಕೈಮುಗಿಯಬೇಕು ಅನಿಸುತ್ತದೆ.

ಹೊಸಬರಲ್ಲಿ ಬಹಳ ಜನ ಅಜಿನ್‌ಕೋರ್ಟ್ ಅಂದ ತಕ್ಷಣ ಕುದುರೆ ಸವಾರರನ್ನೇ ರಾಶಿ ಹಾಕಲು ಹೊರಡುತ್ತಾರೆ. 1415ರ ಅಕ್ಟೋಬರ್ 25ರಂದು ನಡೆದಿದ್ದು ಹಾಗಲ್ಲ. ಫ್ರೆಂಚ್ ನೈಟ್‌ಗಳಲ್ಲಿ ಹೆಚ್ಚಿನವರು ಕುದುರೆ ಇಳಿದು ಕೆಸರಲ್ಲಿ ನಡೆದೇ ಬಂದರು. ಕುದುರೆಯ ಮೇಲಿದ್ದವರು ಮುಖ್ಯವಾಗಿ ಎರಡೂ ಪಕ್ಕದಲ್ಲಿ ಇಂಗ್ಲಿಷ್ ಬಿಲ್ಲುಗಾರರ ಮೇಲೆ ನುಗ್ಗಲು ಇಟ್ಟ ಸಣ್ಣ ತುಕಡಿಗಳು. ಹಾಗಾಗಿ ಆ ಕದನ ಕಟ್ಟುವವರು ಒಂದು ಪೆಟ್ಟಿಗೆ ಸವಾರರನ್ನು ತಂದು, ಮಿಕ್ಕ ದುಡ್ಡನ್ನು ಅದೇ ಕಾಲದ ಕಾಲ್ದಳದ ನೈಟ್‌ಗಳ ಮೇಲೆ ಹಾಕಬೇಕು.

ಎಷ್ಟು ಜನ ಬೇಕು ಅನ್ನುವುದನ್ನು ಆಟದ ನಿಯಮವೇ ಹೇಳುತ್ತದೆ. ಲಯನ್ ರಾಂಪಂಟ್ ನಿಯಮದಲ್ಲಿ ಕವಚಧಾರಿ ಸವಾರರ ಗುಂಪಿಗೆ 6 ಜನ, ಬಿಲ್ಲುಗಾರರ ಗುಂಪಿಗೆ 12 ಜನ. ಅಂದರೆ ಒಂದು ಪೆಟ್ಟಿಗೆಗೆ ಎರಡು ಗುಂಪು ಸವಾರರು ಸಿದ್ಧ. ಡಿಬಿಎ ಅನ್ನುವ ಇನ್ನೊಂದು ನಿಯಮದಲ್ಲಿ ಆಡುವವರಿಗೆ ಒಂದು ಸೈನ್ಯ ಅಂದರೆ 12 ತುಕಡಿ. 28 ಮಿಲಿಮೀಟರ್ ಎತ್ತರದ ಗೊಂಬೆಗಳಿಗೆ ನಿಲ್ಲಲು 60 ಮಿ.ಮೀ. ಅಗಲದ ಬಿಲ್ಲೆ, ಅದರ ಮೇಲೆ ಮೂವರು ನೈಟ್‌ಗಳು. ಮಂಡ್ಯದಲ್ಲಿ ಓದುವ ಅಣ್ಣನ ಮಗ ವಾರದ ಕೊನೆಗೆ ಬಂದಾಗ ನಾವಿಬ್ಬರೂ ಊಟದ ಟೇಬಲ್ಲಿನ ಮೇಲೆ ಲಯನ್ ರಾಂಪಂಟ್ ಆಡುತ್ತೇವೆ. ಅಷ್ಟು ಜಾಗ ಸಾಕು.

ಅಳತೆ ಮಾತ್ರ ಬೆರೆಸಬೇಡಿ. ಮೇಲೆ ಹೇಳಿದ ಪೆಟ್ಟಿಗೆಗಳ 28 ಮಿ.ಮೀ. ಒಂದು ಲೋಕ, 1/72, ಅಂದರೆ ನಿಜದ ಅಳತೆಯ 72ರಲ್ಲಿ ಒಂದು ಪಾಲು, ಇನ್ನೊಂದು. 1/72ರ ಇಟಲೇರಿ ಪೆಟ್ಟಿಗೆಗಳ ಗೊಂಬೆಗಳು ಚಿಕ್ಕವು, ಅಗ್ಗ, ಚೆಂದ. ಆದರೆ ಅವು ಮೆತ್ತನೆ ಪ್ಲಾಸ್ಟಿಕ್ಕಿನವು. ಕೆಳಗೆ ನಾನು ಹೇಳುವ ಅಂಟು ಅವಕ್ಕೆ ಹಿಡಿಯುವುದೇ ಇಲ್ಲ.

ಕೊಳ್ಳುವ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಇವು ನಮ್ಮ ಪೇಟೆಯಲ್ಲಿ ಸಿಗುವುದು ಅಪರೂಪ, ಹೊರದೇಶದಿಂದ ತರಿಸಬೇಕು. ಆಟಿಕೆಗಳ ಮೇಲಿನ ಮೂಲ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ ಶೇ. 70ಕ್ಕೆ ಏರಿತು. ಆರ್ಡರ್ ಮಾಡುವ ಮುಂಚೆ ಆ ದಿನದ ದರ ನೋಡಿಕೊಂಡು, ಸಾಗಣೆ ಖರ್ಚನ್ನೂ ಕೂಡಿಸಿ ಲೆಕ್ಕ ಹಾಕಿ. ಗೊಂಬೆಯ ಬಿಡಿಭಾಗಗಳು ಒಂದು ಪ್ಲಾಸ್ಟಿಕ್ ಚೌಕಟ್ಟಿಗೆ, ಅಂದರೆ ಫ್ರೇಮಿಗೆ, ಅಂಟಿಕೊಂಡೇ ಬರುತ್ತವೆ. ಪೆಟ್ಟಿಗೆ ಬೇಡ, ಒಂದೇ ಫ್ರೇಮು ಸಾಕು ಅನ್ನುವವರಿಗೆ ಬಿಡಿ ಫ್ರೇಮು ಮಾರುವ ಅಂಗಡಿಗಳೂ ಇವೆ. ಮೊದಲ ಸಲಕ್ಕೆ ಅದೇ ಒಳ್ಳೆಯದು.

ಈಗ ಕೈಕೆಲಸ. ನಾನು ಮೈಸೂರಿನ ಒಂದು ಡೆಂಟಲ್ ಲ್ಯಾಬಿನಲ್ಲಿ ಹಲ್ಲಿನ ಸೆಟ್ಟು ಮಾಡುವವಳು. ಹಾಗಾಗಿ ಸಲಕರಣೆ ವಿಷಯದಲ್ಲಿ ನನಗೆ ಖಚಿತವಾದ ಅಭಿಪ್ರಾಯಗಳಿವೆ. ಚಪ್ಪಟೆ ಬಾಯಿಯ ಸಣ್ಣ ಕಟ್ಟರ್, ಹರಿತವಾದ ಹಾಬಿ ನೈಫ್, ಸಣ್ಣ ಅರ, 400 ಮತ್ತು 800 ನಂಬರಿನ ಸ್ಯಾಂಡ್ ಪೇಪರ್, ಒಂದು ಚಿಮಟ. ಇಷ್ಟು ಎಲ್ಲರಿಗೂ ಬೇಕು. ಇದರ ಜೊತೆ ಒಂದು ಲೆಕ್ರಾನ್ ಕಾರ್ವರ್ ಕೊಂಡುಕೊಳ್ಳಿ. ನಾವು ಲ್ಯಾಬಿನಲ್ಲಿ ಮೇಣ ಕೆತ್ತುವ ಉಪಕರಣ ಅದು. ಒಂದು ತುದಿ ಚೂರಿಯ ಹಾಗೆ ಚಪ್ಪಟೆ, ಇನ್ನೊಂದು ತುದಿ ಸಣ್ಣ ಚಮಚ. ಹಲ್ಲಿನ ಡಾಕ್ಟರುಗಳಿಗೆ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುತ್ತದೆ. ಪುಟ್ಟಿ ತುಂಬಲು, ತಿದ್ದಲು ಇದನ್ನು ಮೀರಿಸಿದ್ದು ನಾನು ಕಂಡಿಲ್ಲ. ತುದಿಗೆ ಒಂಚೂರು ವ್ಯಾಸಲೀನ್ ಸವರಿದರೆ ಪುಟ್ಟಿ ಮೆತ್ತಿಕೊಳ್ಳುವುದಿಲ್ಲ.

ಫ್ರೇಮನ್ನು ಮೊದಲು ಉಗುರುಬೆಚ್ಚಗಿನ ನೀರಿಗೆ ಪಾತ್ರೆ ಸೋಪು ಹಾಕಿ ತೊಳೆದು ಒಣಗಿಸಿ. ಅಚ್ಚಿನಿಂದ ಬಂದ ಜಿಡ್ಡು ಹೋಗದಿದ್ದರೆ ಬಣ್ಣ ನಿಲ್ಲುವುದಿಲ್ಲ. ಭಾಗಗಳನ್ನು ಕೈಯಲ್ಲಿ ತಿರುಚಿ ಕೀಳಬೇಡಿ. ಕಟ್ಟರಿನಿಂದ ಸ್ವಲ್ಪ ದೂರದಲ್ಲಿ ಕತ್ತರಿಸಿ, ಉಳಿದ ಮೊಳೆಯನ್ನು ಚಾಕುವಿನಲ್ಲಿ ತೆಳ್ಳಗೆ ಹೆರೆದು ತೆಗೆಯಿರಿ. ಎಲ್ಲ ಭಾಗಗಳನ್ನೂ ಒಟ್ಟಿಗೆ ಕತ್ತರಿಸಿ ರಾಶಿ ಹಾಕಿದರೆ ಯಾರ ತೋಳು ಯಾರದು ಗೊತ್ತಾಗುವುದಿಲ್ಲ. ಒಬ್ಬ ಸವಾರನದು ಮುಗಿದ ಮೇಲೆ ಇನ್ನೊಬ್ಬನದು.

ಇನ್ನು ಅಚ್ಚಿನ ಗೆರೆ. ಅಚ್ಚಿನ ಎರಡು ಭಾಗ ಸೇರುವ ಕಡೆ ಗೊಂಬೆಯ ಸುತ್ತ ಕೂದಲೆಳೆಯಷ್ಟು ಗೆರೆ ಉಳಿದಿರುತ್ತದೆ. ಈಗ ಕಾಣುವುದಿಲ್ಲ, ಬೆಳ್ಳಿ ಬಣ್ಣ ಹಚ್ಚಿದ ಮೇಲೆ ಎದ್ದು ಕಾಣುತ್ತದೆ. ಚಾಕುವಿನ ಅಲಗಿನ ಹಿಂಬದಿಯಿಂದ ನಿಮ್ಮ ಕಡೆಗೆ ಮೆಲ್ಲಗೆ ಹೆರೆಯಿರಿ. ಹೆಲ್ಮೆಟ್ಟಿನ ನೆತ್ತಿ, ತೊಡೆಯ ಹೊರಬದಿ, ಕುದುರೆಯ ಕಾಲು, ಈ ಮೂರು ಕಡೆ ಬಿಡಲೇಬೇಡಿ. ಬಳೆ ಅಂಗಿಯ ಮೇಲೆ ಮಾತ್ರ ಹೆರೆಯಬೇಡಿ, ಬಳೆಗಳೇ ಅಳಿಸಿಹೋಗುತ್ತವೆ. ಅಲ್ಲಿ ಸೂಜಿ ಮೊನೆಯಿಂದ ಗೆರೆಯ ಮೇಲೆ ಒಂದೊಂದೇ ಚುಕ್ಕಿ ಕುಟ್ಟಿದರೆ ಬಳೆಯ ಸಾಲು ಮತ್ತೆ ಮೂಡುತ್ತದೆ.

ಅಂಟಿನ ವಿಷಯ ಸರಿಯಾಗಿ ಅರ್ಥ ಮಾಡಿಕೊಳ್ಳಿ. ಈ ನೈಟ್‌ಗಳು ಪಾಲಿಸ್ಟೈರೀನ್. ಪ್ಯಾಕಿಂಗಿನ ಥರ್ಮೋಕೋಲೂ ಅದೇ ಪ್ಲಾಸ್ಟಿಕ್, ಗಾಳಿ ತುಂಬಿ ಉಬ್ಬಿಸಿದ್ದು ಅಷ್ಟೇ. ಟಮಿಯಾ ಎಕ್ಸ್ಟ್ರಾ ತಿನ್ ಥರದ ಪ್ಲಾಸ್ಟಿಕ್ ಸಿಮೆಂಟು ಮಾಮೂಲಿ ಅಂಟಲ್ಲ. ಅದು ಎರಡೂ ಮುಖಗಳನ್ನು ಕರಗಿಸಿ ಒಂದು ಮಾಡುತ್ತದೆ, ಆಮೇಲೆ ಆವಿಯಾಗಿ ಹೋಗುತ್ತದೆ. ಹಾಗಾಗಿ ಹನಿ ಹನಿ ಸುರಿಯಬಾರದು. ಎರಡು ತುಂಡುಗಳನ್ನು ಒತ್ತಿ ಹಿಡಿದು, ಸಂದಿಯ ಒಂದು ತುದಿಗೆ ಬ್ರಷ್ ತಾಗಿಸಿ. ಅಂಟು ತಾನಾಗಿ ಸಂದಿಯೊಳಗೆ ಓಡುತ್ತದೆ. ಕಿಟಕಿ ತೆಗೆದಿರಲಿ, ಹತ್ತಿರ ದೀಪ, ಅಗರಬತ್ತಿ ಬೇಡ. ಬಾಟಲಿ ಉರುಳದಿರಲಿ ಅಂತ ಥರ್ಮೋಕೋಲಿನಲ್ಲಿ ಕುಳಿ ಮಾಡಿ ಇಡಬೇಡಿ. ಚೆಲ್ಲಿದರೆ ಥರ್ಮೋಕೋಲ್ ಕರಗಿ ಎಲ್ಲ ಒಟ್ಟಿಗೆ ಬೀಳುತ್ತದೆ. ಮರದ ತುಂಡಿನಲ್ಲಿ ಕುಳಿ ತೋಡಿಸಿಕೊಳ್ಳಿ. ಫೆವಿಕ್ವಿಕ್ ಲೋಹದ ಗೊಂಬೆಗೆ, ಮ್ಯಾಗ್ನೆಟ್ಟಿಗೆ ಇರಲಿ. ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ಸಿಮೆಂಟೇ ಸರಿ, ಬೆಸುಗೆ ಕೂರಲು ಕೆಲವು ಸೆಕೆಂಡು ಸಿಗುವುದರಿಂದ ತೋಳಿನ ಕೋನ ತಿದ್ದಬಹುದು.

ನಾನು ಕುದುರೆಯಿಂದ ಶುರು ಮಾಡುತ್ತೇನೆ. ಸಾಮಾನ್ಯವಾಗಿ ಕುದುರೆ ಎರಡು ಹೋಳಾಗಿ ಬರುತ್ತದೆ. ಎದೆ, ಬೆನ್ನು, ಹಿಂಗಾಲಿನ ನಡುವೆ ಸಂದಿ ಉಳಿಯುತ್ತದೆ. ಇದಕ್ಕೆ ಪುಟ್ಟಿಗಿಂತ ಒಳ್ಳೆಯ ಉಪಾಯ ಇದೆ. ಮಿಕ್ಕ ಫ್ರೇಮಿನ ಚೂರುಗಳನ್ನು ಸಾಸಿವೆಯಷ್ಟು ಸಣ್ಣಗೆ ಕತ್ತರಿಸಿ, ಮುಗಿಯುತ್ತ ಬಂದ ಅಂಟಿನ ಬಾಟಲಿಗೆ ಹಾಕಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಗಟ್ಟಿ ಮೊಸರಿನ ಹದಕ್ಕೆ ಬಂದಿರುತ್ತದೆ. ಅದನ್ನು ಸಂದಿಗೆ ಸವರಿ, ಒಂದು ದಿನ ಪೂರ್ತಿ ಒಣಗಲು ಬಿಟ್ಟು, ಸ್ಯಾಂಡ್ ಪೇಪರಿನಲ್ಲಿ ಉಜ್ಜಿ. ಗೊಂಬೆಯದೇ ಪ್ಲಾಸ್ಟಿಕ್ ಆದ್ದರಿಂದ ಒಂದೇ ಸಮನೆ ಸವೆಯುತ್ತದೆ. ಬಣ್ಣದ ಕೆಳಗೆ ಗೆರೆ ಹುಡುಕಿದರೂ ಸಿಗುವುದಿಲ್ಲ.

ಸವಾರನನ್ನು ಜೀನಿಗೆ ಅಂಟಿಸುವ ಅವಸರ ಬೇಡ. ಬ್ಲೂ ಟ್ಯಾಕ್ ಅನ್ನುವ, ಮೆತ್ತಿ ಮತ್ತೆ ಕೀಳಬಹುದಾದ ಅಂಟುಮುದ್ದೆಯಿಂದ ಕೂರಿಸಿ, ತಲೆ, ತೋಳು, ಈಟಿ ಎಲ್ಲ ಅಂಟು ಹಾಕದೆಯೇ ಇಟ್ಟು ನೋಡಿ. ಈಟಿ ಹಿಡಿದ ತೋಳು ಕುದುರೆಯ ಕುತ್ತಿಗೆಗೆ ತಾಗುತ್ತಾ? ಪಕ್ಕದವನ ಕುದುರೆಗೆ ಚುಚ್ಚುತ್ತಾ? ಒಂದು ಸಾಲಿನಲ್ಲಿ ಆರು ಜನರನ್ನು ನಿಲ್ಲಿಸಿ ನೋಡಿದರೇ ಇದು ಗೊತ್ತಾಗುವುದು. "ಅತ್ತೆ, ಎಲ್ಲರ ಈಟಿಯೂ ಮೇಲಕ್ಕೇ ಇರಲಿ, ಪೆಟ್ಟಿಗೆಗೆ ಹಾಕಲು ಸುಲಭ" ಅನ್ನುತ್ತಾನೆ ಅಣ್ಣನ ಮಗ. ನಾನು ಮುಂದಿನ ಸಾಲಿಗೆ ಈಟಿ ಇಳಿಸುತ್ತೇನೆ, ಹಿಂದಿನವರಿಗೆ ಎತ್ತುತ್ತೇನೆ. ಗುಂಪು ಓಡುತ್ತಿದೆ ಅನಿಸುವುದು ಆಗಲೇ. ತಲೆಯನ್ನು ಕೊನೆಗೆ ಅಂಟಿಸಿ, ನೇರ ಮುಂದಕ್ಕೆ ಬೇಡ, ಈಟಿಯ ಮೊನೆ ಇರುವ ಕಡೆಗೆ ಕೊಂಚ ತಿರುಗಿಸಿ. ಆ ಒಂದು ತಿರುವಿನಿಂದ ಗೊಂಬೆಗೆ ಜೀವ ಬರುತ್ತದೆ. ಗುರಾಣಿಯನ್ನು ಮಾತ್ರ ಬೇರೆಯಾಗಿ ಇಟ್ಟುಕೊಂಡು, ಲಾಂಛನ ಬರೆದ ಮೇಲೆ ಅಂಟಿಸಿ.

ಲಾಂಛನ ಬರೆಯಲು ಒಂದು ಹಳೆಯ ಕಟ್ಟಳೆ ಇದೆ. ಚಿನ್ನ, ಬೆಳ್ಳಿ ಎರಡು ಲೋಹ, ಅಂದರೆ ಹಳದಿ ಮತ್ತು ಬಿಳಿ. ಕೆಂಪು, ನೀಲಿ, ಕಪ್ಪು, ಹಸಿರು, ನೇರಳೆ ಬಣ್ಣಗಳು. ಲೋಹದ ಮೇಲೆ ಲೋಹ ಬರಬಾರದು, ಬಣ್ಣದ ಮೇಲೆ ಬಣ್ಣ ಬರಬಾರದು. ಇಂಗ್ಲೆಂಡಿನದು ಕೆಂಪಿನ ಮೇಲೆ ಚಿನ್ನದ ಮೂರು ಸಿಂಹ. ಫ್ರಾನ್ಸಿನದು ನೀಲಿಯ ಮೇಲೆ ಚಿನ್ನದ ಲಿಲಿ ಹೂ. ದೂರದಿಂದಲೇ ಯಾರೆಂದು ಗೊತ್ತಾಗಲಿ ಅನ್ನುವ ಕಟ್ಟಳೆ ಇದು. ಟೇಬಲ್ಲಿನ ಆಚೆ ತುದಿಯಿಂದ ನೋಡಿದರೆ ಅದು ಎಷ್ಟು ಸರಿ ಅಂತ ಕಾಣುತ್ತದೆ. ಟೆಂಪ್ಲರ್ ನೈಟ್‌ಗೆ ಬಿಳಿಯ ಮೇಲೆ ಕೆಂಪು ಶಿಲುಬೆ, ಟ್ಯೂಟಾನಿಕ್‌ಗೆ ಬಿಳಿಯ ಮೇಲೆ ಕಪ್ಪು.

ಪ್ರೈಮರ್ ಹೊಡೆಯಲು ನಮ್ಮೂರಿನ ಹವೆ ನೋಡಬೇಕು. ಜನವರಿ, ಫೆಬ್ರವರಿಯಲ್ಲಿ ಬಿಸಿಲೇರಿದ ಮೇಲೆ ಟೆರೇಸಿನಲ್ಲಿ ಹೊಡೆದರೆ ರೇಷ್ಮೆಯಂತೆ ಕೂರುತ್ತದೆ. ಮಳೆಗಾಲದ ತೇವದಲ್ಲಿ ಸ್ಪ್ರೇ ಪುಡಿಪುಡಿಯಾಗಿ ಮಂಕಾಗುತ್ತದೆ. ಆಗ ಚಿತ್ರ ಬರೆಯುವವರು ಕ್ಯಾನ್ವಾಸಿಗೆ ಮೊದಲು ಬಳಿಯುವ ಅಕ್ರಿಲಿಕ್ ಜೆಸ್ಸೊವನ್ನು ತೆಳ್ಳಗೆ ಮಾಡಿ ಬ್ರಷ್‌ನಲ್ಲೇ ಹಚ್ಚಿ. ಕಾರಿಗೆ ಹೊಡೆಯುವ ಬೂದು ಪ್ರೈಮರ್ ಸಿಗುತ್ತದೆ, ಆದರೆ ಕೆಲವು ಡಬ್ಬಿಗಳ ದ್ರಾವಕ ಪ್ಲಾಸ್ಟಿಕ್ಕನ್ನು ತಿನ್ನುತ್ತದೆ. ಮೊದಲು ಖಾಲಿ ಫ್ರೇಮಿನ ಮೇಲೆ ಹೊಡೆದು ನೋಡಿ.

ಬಿಲ್ಲೆಗಳನ್ನು ಊರಲ್ಲೇ ಮಾಡಿಸಿ. ನಾಮಫಲಕ, ಟ್ರೋಫಿ ಮಾಡುವ ಲೇಸರ್ ಕಟಿಂಗ್ ಅಂಗಡಿಗೆ ಅಳತೆ ಕೊಟ್ಟರೆ 3 ಮಿ.ಮೀ. ಎಂಡಿಎಫ್ ಹಲಗೆಯಲ್ಲಿ ಕತ್ತರಿಸಿ ಕೊಡುತ್ತಾರೆ. ಮೇಲೆ ಫೆವಿಕಾಲ್, ಜರಡಿ ಹಿಡಿದ ಮರಳು, ತೆಂಗಿನ ನಾರಿನ ಒಣಹುಲ್ಲು. ಹತ್ತೀನ್ ಆದರೆ ಜುಲೈ ತಿಂಗಳ ಒಣನೆಲ, ತಿಳಿ ಕಂದು ಸಾಕು. ಅಜಿನ್‌ಕೋರ್ಟ್ ಆದರೆ ಆಗತಾನೆ ಉತ್ತ ಹೊಲ, ರಾತ್ರಿಯೆಲ್ಲ ಮಳೆ. ಫೆವಿಕಾಲಿಗೆ ಮರದ ಪುಡಿ, ಕಂದು ಬಣ್ಣ ಕಲಸಿ ಬಿಲ್ಲೆಗೆ ಮೆತ್ತಿ. ಅದನ್ನೇ ಕುದುರೆಯ ಗೊರಸಿಗೆ, ನೈಟ್‌ನ ಮೊಣಕಾಲಿನವರೆಗೂ ಹಚ್ಚಿ. ನಾಟಿ ಹೊತ್ತಿನಲ್ಲಿ ಮಂಡ್ಯದ ಕಡೆ ಗದ್ದೆಗೆ ಹೋಗಿ, ಹೊರಬಂದ ಎತ್ತಿನ ಕಾಲು ಗಮನಿಸಿ. ಕೆಸರು ಎಲ್ಲಿ ದಪ್ಪ, ಎಲ್ಲಿ ಬರೀ ಸಿಡಿದ ಚುಕ್ಕಿ, ಎಲ್ಲಿ ಆಗಲೇ ಒಣಗಿ ಬೆಳ್ಳಗಾಗಿದೆ, ಎಲ್ಲ ಅಲ್ಲೇ ಇದೆ.

ಎತ್ತಿಡುವುದು ಇನ್ನೊಂದು ಕೆಲಸ. ದಸರಾ ಗೊಂಬೆಗಳನ್ನು ಹಳೆ ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕುತ್ತೇವಲ್ಲ, ಇವಕ್ಕೆ ಹಾಗೆ ಆಗದು. ಬಟ್ಟೆಯ ನೂಲಿಗೆ ಈಟಿ ಸಿಕ್ಕಿ ಮುರಿಯುತ್ತದೆ. ಬಿಲ್ಲೆಯ ತಳಕ್ಕೆ ಸಣ್ಣ ಮ್ಯಾಗ್ನೆಟ್ ಅಂಟಿಸಿ, ತಗಡಿನ ಟ್ರಂಕಿನ ತಳದಲ್ಲಿ ಸಾಲಾಗಿ ನಿಲ್ಲಿಸಿ. ಬಸ್ಸಿನಲ್ಲಿ ಮಂಡ್ಯಕ್ಕೆ ಒಯ್ದರೂ ಅಲುಗುವುದಿಲ್ಲ. ಬಿಸಿಲಲ್ಲಿ ನಿಂತ ಕಾರಿನೊಳಗೆ ಮಾತ್ರ ಟ್ರಂಕು ಬಿಡಬೇಡಿ, ತೆಳ್ಳನೆ ಈಟಿ ಬಾಗಬಹುದು. ಬಾಗಿದರೆ ಬಿಸಿನೀರಿನಲ್ಲಿ ಅದ್ದಿ, ಬೆರಳಲ್ಲಿ ನೆಟ್ಟಗೆ ಮಾಡಿ, ಹಾಗೇ ಹಿಡಿದುಕೊಂಡು ತಣ್ಣೀರಿಗೆ ಹಾಕಿ.