ಮರದಿಂದ ಸೆಲ್ಯುಲೋಸ್: ಕ್ಷಾರದಲ್ಲಿ ಬೇಯಿಸಿ ಬೇರ್ಪಡಿಸಿದ ನನ್ನ ಅನುಭವ

ಮರದ ಒಣತೂಕದಲ್ಲಿ ಸುಮಾರು ಶೇ. 40ರಿಂದ 50ರಷ್ಟು ಸೆಲ್ಯುಲೋಸ್ ಇರುತ್ತದೆ. ಉಳಿದುದರಲ್ಲಿ ಬಹುಪಾಲು ಹೆಮಿಸೆಲ್ಯುಲೋಸ್ (ಸೆಲ್ಯುಲೋಸ್‌ಗಿಂತ ಚಿಕ್ಕದಾದ ಸಕ್ಕರೆ ಘಟಕಗಳ ಸರಪಳಿಗಳು) ಮತ್ತು ಲಿಗ್ನಿನ್. ಅವುಗಳ ಜೊತೆಗೆ ಸ್ವಲ್ಪ ರಾಳ, ಮೇಣ, ಟ್ಯಾನಿನ್ ಮತ್ತು ಖನಿಜಗಳು ಸೇರಿರುತ್ತವೆ. ನಾರುಗಳನ್ನು ಒಂದಕ್ಕೊಂದು ಬಿಗಿಯಾಗಿ ಹಿಡಿದಿಡುವ ಲಿಗ್ನಿನ್ ಅನ್ನು ಕರಗಿಸಿದರೆ ಮರ ಬಿಡಿಬಿಡಿ ನಾರುಗಳಾಗಿ ಬಿಚ್ಚಿಕೊಳ್ಳುತ್ತದೆ. ಆದರೆ ಲಿಗ್ನಿನ್ ಅನ್ನು ಕರಗಿಸುವ ಕ್ಷಾರ ಮತ್ತು ಶಾಖಗಳೇ ಸೆಲ್ಯುಲೋಸ್‌ನ ಉದ್ದನೆಯ ಸರಪಳಿಗಳನ್ನೂ ಕಡಿಯುತ್ತವೆ. ಹಾಗಾಗಿ ಈ ಕೆಲಸದಲ್ಲಿ ನಾನು ಹೆಚ್ಚು ಗಮನ ಕೊಟ್ಟದ್ದು ಎಲ್ಲಿ ನಿಲ್ಲಿಸಬೇಕು ಎಂಬುದಕ್ಕೆ.

ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಆನ್ಸೆಲ್ಮ್ ಪಾಯೆನ್ 1838ರಲ್ಲಿ ಸಸ್ಯಗಳಿಂದ ಸೆಲ್ಯುಲೋಸ್ ಅನ್ನು ಮೊದಲು ಬೇರ್ಪಡಿಸಿದ್ದು ನೈಟ್ರಿಕ್ ಆಮ್ಲ ಮತ್ತು ಕ್ಷಾರಗಳ ಉಪಚಾರದಿಂದ. ಇಂದು ಕಾಗದದ ಗಿರಣಿಗಳಲ್ಲಿ ಹೆಚ್ಚಾಗಿ ನಡೆಯುವುದು ಕ್ರಾಫ್ಟ್ ವಿಧಾನ. ಅದರಲ್ಲಿ ಕಾಸ್ಟಿಕ್ ಸೋಡಾ (ಸೋಡಿಯಂ ಹೈಡ್ರಾಕ್ಸೈಡ್ ಎಂಬ ಪ್ರಬಲ ಕ್ಷಾರ) ಜೊತೆಗೆ ಸೋಡಿಯಂ ಸಲ್ಫೈಡ್ ಬಳಸುತ್ತಾರೆ. ಅದರಿಂದ ಸಿಗುವ ತಿರುಳು, ಅಂದರೆ ಬಿಡಿಯಾದ ನಾರಿನ ರಾಶಿ, ಬಲವಾಗಿರುತ್ತದೆ ಎಂಬುದು ನಿಜ. ಆದರೆ ಸಲ್ಫೈಡ್ ದ್ರಾವಣ ಆಮ್ಲದ ಸಂಪರ್ಕಕ್ಕೆ ಬಂದರೆ ಹೈಡ್ರೋಜನ್ ಸಲ್ಫೈಡ್ ಎಂಬ ಪ್ರಾಣಾಂತಿಕ ಅನಿಲ ಹೊರಬರುತ್ತದೆ. ಸಣ್ಣ ಪ್ರಯೋಗಶಾಲೆಯಲ್ಲಿ ಅದನ್ನು ನಿಭಾಯಿಸುವ ಅಗತ್ಯ ನನಗೆ ಕಾಣಲಿಲ್ಲ. ಆದ್ದರಿಂದ ಕಾಸ್ಟಿಕ್ ಸೋಡಾಕ್ಕೆ ಅಲ್ಪ ಪ್ರಮಾಣದಲ್ಲಿ ಆಂಥ್ರಾಕ್ವಿನೋನ್ ಬೆರೆಸುವ ವಿಧಾನವನ್ನು ಆರಿಸಿಕೊಂಡೆ. ಮರದ ಒಣತೂಕದ ಶೇ. 0.1ರಷ್ಟು ಆಂಥ್ರಾಕ್ವಿನೋನ್ ಸಾಕಾಗುತ್ತದೆ. ಅದು ಸೆಲ್ಯುಲೋಸ್ ಸರಪಳಿಯ ತುದಿಯನ್ನು ಉತ್ಕರ್ಷಿಸಿ, ಕ್ಷಾರದಲ್ಲಿ ತುದಿಯಿಂದ ಒಂದೊಂದೇ ಗ್ಲೂಕೋಸ್ ಘಟಕ ಕಳಚಿಹೋಗುವುದನ್ನು ತಡೆಯುತ್ತದೆ. ಆ ಕ್ರಿಯೆಯಲ್ಲಿ ತಾನು ಅಪಕರ್ಷಣಗೊಂಡ ರೂಪಕ್ಕೆ ತಿರುಗಿ ಲಿಗ್ನಿನ್‌ನ ಬಂಧಗಳನ್ನು ಮುರಿಯುತ್ತದೆ ಮತ್ತು ಮತ್ತೆ ಮೊದಲಿನ ರೂಪಕ್ಕೆ ಬರುತ್ತದೆ. ಇಷ್ಟು ಕಡಿಮೆ ಪ್ರಮಾಣದಲ್ಲಿ ಎರಡೂ ಕಡೆಯಿಂದ ನೆರವಾಗುವ ಇನ್ನೊಂದು ಪದಾರ್ಥವನ್ನು ನಾನು ಬಳಸಿಲ್ಲ. ಆದರೆ ಅದು ಕ್ಯಾನ್ಸರ್ ಉಂಟುಮಾಡಬಹುದಾದ ವಸ್ತುಗಳ ಸಾಲಿನಲ್ಲಿ ಸೇರಿರುವುದರಿಂದ ಅದರ ಪುಡಿ ಉಸಿರಿಗೆ ಸೇರದಂತೆ ಎಚ್ಚರ ವಹಿಸಬೇಕು.

ಅಗಲ ಎಲೆಯ ಮರಗಳಲ್ಲಿ ಲಿಗ್ನಿನ್ ಕಡಿಮೆ, ಅದು ಕರಗುವುದೂ ಸುಲಭ. ಪೈನ್‌ನಂತಹ ಸೂಜಿಯೆಲೆಯ ಮರಗಳಲ್ಲಿ ನಾರು ಮೂರರಿಂದ ನಾಲ್ಕು ಮಿಲಿಮೀಟರ್ ಉದ್ದವಿದ್ದರೂ ಲಿಗ್ನಿನ್ ಹೆಚ್ಚು. ನನಗೆ ನಾರಿನ ಉದ್ದಕ್ಕಿಂತ ಶುದ್ಧತೆ ಮುಖ್ಯವಾಗಿದ್ದುದರಿಂದ ಅಗಲ ಎಲೆಯ ಮರವನ್ನೇ ತೆಗೆದುಕೊಂಡು, ತೊಗಟೆ ಮತ್ತು ಗಂಟುಗಳನ್ನು ತೆಗೆದುಹಾಕಿ, ಮೂರರಿಂದ ನಾಲ್ಕು ಮಿಲಿಮೀಟರ್ ದಪ್ಪದ ಚಕ್ಕೆಗಳನ್ನಾಗಿ ಕತ್ತರಿಸಿಕೊಂಡೆ. ಚಕ್ಕೆಯ ಉದ್ದ ಸ್ವಲ್ಪ ಹೆಚ್ಚುಕಡಿಮೆಯಾದರೆ ತೊಂದರೆಯಿಲ್ಲ, ದಪ್ಪ ಮಾತ್ರ ಒಂದೇ ಸಮನಾಗಿರಬೇಕು. ಏಕೆಂದರೆ ದಪ್ಪ ಚಕ್ಕೆಯ ನಡುಭಾಗಕ್ಕೆ ಕ್ಷಾರ ತಲುಪುವ ಹೊತ್ತಿಗೆ ಅದರ ಹೊರಪದರ ಅತಿಯಾಗಿ ಬೆಂದಿರುತ್ತದೆ. ಸ್ವಲ್ಪ ಚಕ್ಕೆಯನ್ನು 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೂಕ ಸ್ಥಿರವಾಗುವವರೆಗೆ ಒಣಗಿಸಿ ತೇವಾಂಶವನ್ನು ಲೆಕ್ಕಹಾಕಿದೆ. ಮುಂದಿನ ಎಲ್ಲ ಅಳತೆಗಳೂ ಒಣತೂಕದ ಮೇಲೆ ನಿಂತಿರುವುದರಿಂದ ಈ ಹೆಜ್ಜೆಯನ್ನು ಬಿಡುವಂತಿಲ್ಲ.

ನೂರು ಗ್ರಾಂ ಒಣತೂಕದ ಮರಕ್ಕೆ ಇಪ್ಪತ್ತು ಗ್ರಾಂ ಕಾಸ್ಟಿಕ್ ಸೋಡಾ, ಮತ್ತು ಚಕ್ಕೆಯೊಳಗಿನ ನೀರೂ ಸೇರಿ ಒಟ್ಟು ನಾಲ್ಕು ನೂರು ಮಿಲಿಲೀಟರ್ ದ್ರವ ಎಂಬುದು ನಾನು ಇಟ್ಟುಕೊಂಡ ಪ್ರಮಾಣ. ಪಾತ್ರೆ ಒತ್ತಡ ತಾಳುವಂತಹ, ಸುರಕ್ಷತಾ ಕವಾಟವಿರುವ ಸ್ಟೇನ್‌ಲೆಸ್ ಸ್ಟೀಲಿನದ್ದೇ ಆಗಿರಬೇಕು. ಅಲ್ಯೂಮಿನಿಯಂ ಪಾತ್ರೆಯನ್ನು ಕ್ಷಾರ ಕರಗಿಸುತ್ತದೆ, ಮೇಲಾಗಿ ಹೈಡ್ರೋಜನ್ ಅನಿಲವನ್ನೂ ಬಿಡುಗಡೆ ಮಾಡುತ್ತದೆ. ಒಂದೂವರೆ ಗಂಟೆಯ ಅವಧಿಯಲ್ಲಿ ನಿಧಾನವಾಗಿ ತಾಪವನ್ನು 165 ಡಿಗ್ರಿಗೆ ಏರಿಸಿ, ಅಷ್ಟೇ ಹೊತ್ತು ಅಲ್ಲಿ ನಿಲ್ಲಿಸಿದೆ. ನೀರಾವಿಯ ಒತ್ತಡ ಆಗ ಸುಮಾರು ಏಳು ಬಾರ್ ಇರುತ್ತದೆ. ತಾಪ ಏರಿಸುವಾಗಿನ ನಿಧಾನ ವ್ಯರ್ಥವಲ್ಲ. ಲಿಗ್ನಿನ್ ವೇಗವಾಗಿ ಕರಗಲು ತೊಡಗುವ ಮೊದಲೇ ಕ್ಷಾರ ಚಕ್ಕೆಯ ಒಳಭಾಗವನ್ನು ತಲುಪಲು ಆ ಸಮಯ ಬೇಕು. ಈ ಮಟ್ಟದಲ್ಲಿ ತಾಪ ಹತ್ತು ಡಿಗ್ರಿ ಏರಿದರೆ ಕ್ರಿಯೆಯ ವೇಗ ದುಪ್ಪಟ್ಟನ್ನೂ ಮೀರುತ್ತದೆ. ಹೀಗಾಗಿ ತಾಪ ಮತ್ತು ಸಮಯ ಎರಡನ್ನೂ ಒಟ್ಟಿಗೇ ಬರೆದಿಟ್ಟುಕೊಳ್ಳುವುದನ್ನು ರೂಢಿ ಮಾಡಿಕೊಂಡೆ.

ಬೇಯಿಸಿದ ಮೇಲೆ ಪಾತ್ರೆಯನ್ನು ಪೂರ್ತಿ ತಣಿಸಿ, ಒತ್ತಡ ಇಳಿದ ನಂತರವೇ ತೆರೆದೆ. ಉಳಿದ ಕಪ್ಪು ದ್ರಾವಣದ ಪಿಎಚ್ 12ಕ್ಕಿಂತ ಮೇಲಿರಬೇಕು. ಅದಕ್ಕಿಂತ ಇಳಿದರೆ ಕರಗಿದ ಲಿಗ್ನಿನ್ ಮತ್ತೆ ನಾರಿನ ಮೇಲೆ ಕೂರುತ್ತದೆ. ಇದೇ ಕಾರಣಕ್ಕೆ ಮೊದಲ ತೊಳೆತಕ್ಕೆ ತೆಳು ಕ್ಷಾರದ ಬಿಸಿನೀರನ್ನೂ ಆಮೇಲೆ ಬರಿಯ ಬಿಸಿನೀರನ್ನೂ ಬಳಸಿದೆ. ಉಳಿದಿರುವ ಲಿಗ್ನಿನ್ ಅನ್ನು ತಿಳಿಯಲು ಕಾಪ್ಪಾ ಸಂಖ್ಯೆಯ ಪರೀಕ್ಷೆ ಮಾಡಬೇಕು: ತೂಕ ಮಾಡಿದ ತಿರುಳನ್ನು ಆಮ್ಲೀಯ ಪೊಟ್ಯಾಷಿಯಂ ಪರ್ಮಾಂಗನೇಟ್‌ನಲ್ಲಿ 25 ಡಿಗ್ರಿಯಲ್ಲಿ ಹತ್ತು ನಿಮಿಷ ಇಟ್ಟು, ಖರ್ಚಾಗದೆ ಉಳಿದ ಪರ್ಮಾಂಗನೇಟ್ ಅನ್ನು ಅಯೋಡೈಡ್ ಮತ್ತು ಥಯೋಸಲ್ಫೇಟ್‌ಗಳ ಮೂಲಕ ಅಳೆಯುವ ವಿಧಾನವಿದು. ಈ ಸಂಖ್ಯೆಯನ್ನು 0.15ರಿಂದ ಗುಣಿಸಿದರೆ ಲಿಗ್ನಿನ್‌ನ ಶೇಕಡಾ ಪ್ರಮಾಣ ಹೆಚ್ಚುಕಡಿಮೆ ಸಿಗುತ್ತದೆ. ಅಗಲ ಎಲೆಯ ಮರಕ್ಕೆ ಕಾಪ್ಪಾ 15ರಿಂದ 20ರ ನಡುವೆ ಬಂದಾಗ ಬೇಯಿಸುವುದನ್ನು ನಿಲ್ಲಿಸುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಅಲ್ಲಿಂದ ಮುಂದೆ ಲಿಗ್ನಿನ್ ಬಹಳ ನಿಧಾನವಾಗಿ ಕರಗುತ್ತದೆ, ಆದರೆ ಸೆಲ್ಯುಲೋಸ್‌ನ ನಷ್ಟ ಮಾತ್ರ ನಿಲ್ಲುವುದಿಲ್ಲ.

ಉಳಿದ ಲಿಗ್ನಿನ್ ಅನ್ನು ತೆಗೆಯಲು, ಅಸಿಟಿಕ್ ಆಮ್ಲ ಬೆರೆಸಿದ ಸೋಡಿಯಂ ಕ್ಲೋರೈಟ್ ದ್ರಾವಣವನ್ನು 70 ಡಿಗ್ರಿಯಲ್ಲಿ ಸ್ವಲ್ಪ ಸ್ವಲ್ಪವಾಗಿ, ಬಿಡುವು ಕೊಟ್ಟು ಸೇರಿಸಿದೆ. ಇದು ಸೆಲ್ಯುಲೋಸ್‌ಗೆ ಹೆಚ್ಚು ಹಾನಿ ಮಾಡದೆ ಲಿಗ್ನಿನ್ ಮೇಲೆಯೇ ಕೆಲಸ ಮಾಡುತ್ತದೆ. ಆದರೆ ಇಲ್ಲಿ ಹುಟ್ಟುವ ಹಳದಿ ಬಣ್ಣದ ಕ್ಲೋರಿನ್ ಡೈಆಕ್ಸೈಡ್ ವಿಷಕಾರಿ, ಗಾಳಿಯಲ್ಲಿ ದಟ್ಟವಾದರೆ ಸ್ಫೋಟಿಸುವಂತಹದು. ಹೊಗೆ ಎಳೆಯುವ ಗೂಡಿಲ್ಲದ ಕಡೆ ಇದನ್ನು ಮಾಡಲೇಬಾರದು, ಮನೆಯಲ್ಲಂತೂ ಖಂಡಿತ ಕೂಡದು. ಫ್ಲೋರೋಗ್ಲುಸಿನಾಲ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲದ ಹನಿಗೆ ನಾರು ಕೆಂಪಾಗದಿದ್ದಾಗ ಈ ಹಂತವನ್ನು ಮುಗಿಸಿದೆ.

ಹೆಮಿಸೆಲ್ಯುಲೋಸ್ ತೆಗೆಯುವ ಮೊದಲು ಸೆಲ್ಯುಲೋಸ್ ಯಾವ ಉದ್ದೇಶಕ್ಕೆ ಬೇಕು ಎಂಬುದನ್ನು ತೀರ್ಮಾನಿಸಿಕೊಳ್ಳಬೇಕು. ಶೇ. 17.5ರ ಕಾಸ್ಟಿಕ್ ಸೋಡಾದಲ್ಲಿ 20 ಡಿಗ್ರಿಯಲ್ಲಿ ಕರಗದೆ ಉಳಿಯುವ ಭಾಗವನ್ನು ಆಲ್ಫಾ ಸೆಲ್ಯುಲೋಸ್ ಎನ್ನುತ್ತಾರೆ. ಅದು ಅಳತೆಗೆ ಒಳ್ಳೆಯ ವಿಧಾನ. ಆದರೆ ಅಷ್ಟು ಪ್ರಬಲ ಕ್ಷಾರ ಮರದಲ್ಲಿದ್ದ ಸೆಲ್ಯುಲೋಸ್‌ನ ಸ್ಫಟಿಕ ರಚನೆಯನ್ನೇ ಬದಲಿಸಿಬಿಡುತ್ತದೆ, ಹಳೆಯ ರಚನೆ ಮತ್ತೆ ಬರುವುದಿಲ್ಲ. ನನಗೆ ಮೂಲ ರಚನೆ ಉಳಿಯಬೇಕಾಗಿದ್ದುದರಿಂದ ಶೇ. 5ರ ಪೊಟ್ಯಾಷಿಯಂ ಹೈಡ್ರಾಕ್ಸೈಡ್ ಬಳಸಿ, ಸ್ವಲ್ಪ ಹೆಮಿಸೆಲ್ಯುಲೋಸ್ ಉಳಿಯುವುದನ್ನು ಒಪ್ಪಿಕೊಂಡೆ.

ಕೊನೆಗೆ ಸಿಕ್ಕ ತಿರುಳು ಬೆಳ್ಳಗಿದ್ದರೂ, ಬಿಳುಪು ಅದರ ಗುಣಮಟ್ಟಕ್ಕೆ ಸಾಕ್ಷಿಯಲ್ಲ. ಸರಪಳಿಯ ಉದ್ದವನ್ನು ತಿಳಿಯಲು ತಾಮ್ರದ ಎಥಿಲೀನ್‌ಡಯಮೀನ್ ದ್ರಾವಣದಲ್ಲಿ ತಿರುಳನ್ನು ಕರಗಿಸಿ ಸ್ನಿಗ್ಧತೆ, ಅಂದರೆ ದ್ರಾವಣ ಎಷ್ಟು ಗಟ್ಟಿಯಾಗಿ ಹರಿಯುತ್ತದೆ ಎಂಬುದನ್ನು, ಅಳೆಯಬೇಕು; ಸರಪಳಿ ಉದ್ದವಿದ್ದಷ್ಟೂ ಅದು ಹೆಚ್ಚು. ಅಳತೆಗೆ ಬೇಕಾದಷ್ಟನ್ನು ಮಾತ್ರ ಒಣಗಿಸಿ, ಉಳಿದುದನ್ನು ಒದ್ದೆಯಾಗಿಯೇ ತಂಪಿನಲ್ಲಿಟ್ಟೆ. ಒಮ್ಮೆ ಪೂರ್ತಿ ಒಣಗಿದ ನಾರಿನ ಸೂಕ್ಷ್ಮ ರಂಧ್ರಗಳು ಮುಚ್ಚಿಕೊಂಡು, ಮತ್ತೆ ನೆನೆಸಿದರೂ ಅದು ಮೊದಲಿನಷ್ಟು ಉಬ್ಬುವುದಿಲ್ಲ. ಕಪ್ಪು ದ್ರಾವಣವನ್ನು ಚರಂಡಿಗೆ ಬಿಡದೆ, ಗೂಡಿನೊಳಗೆ ನಿಧಾನವಾಗಿ ತೆಳು ಸಲ್ಫ್ಯೂರಿಕ್ ಆಮ್ಲ ಸೇರಿಸಿ ಪಿಎಚ್ ಅನ್ನು 2ರ ಆಸುಪಾಸಿಗೆ ಇಳಿಸಿದಾಗ ಲಿಗ್ನಿನ್ ಕಂದು ಗಸಿಯಾಗಿ ತಳಕ್ಕಿಳಿಯಿತು. ಅದನ್ನು ಸೋಸಿ ಒಣಗಿಸಿಟ್ಟುಕೊಂಡು, ಉಳಿದ ನೀರನ್ನು ತಟಸ್ಥಗೊಳಿಸಿ ರಾಸಾಯನಿಕ ತ್ಯಾಜ್ಯದ ಡಬ್ಬಕ್ಕೆ ಸೇರಿಸಿದೆ.