ರೋಮ್‌ಗೆ ಮೂರು ದಿನ, ದಿನಕ್ಕೆ ಒಂದೇ ಟಿಕೆಟ್

ಮ್ಯೂನಿಕ್‌ನಲ್ಲಿ ನಮ್ಮ ಕನ್ನಡ ಬಳಗದ ಸಂಕ್ರಾಂತಿ ಊಟ ನಡೆದಿತ್ತು. ಎಳ್ಳು ಬೆಲ್ಲ ಹಂಚುತ್ತಾ ನಾನು ಒಂದು ಮಾತು ಹೇಳಿದೆ. ಮಾರ್ಚ್‌ನಲ್ಲಿ ಅಪ್ಪ ಅಮ್ಮ ಮೈಸೂರಿನಿಂದ ಬರುತ್ತಾರೆ, ಅವರನ್ನು ಮೂರು ದಿನ ರೋಮ್‌ಗೆ ಕರ್ಕೊಂಡು ಹೋಗ್ತೀನಿ, ದಿನಕ್ಕೆ ಒಂದೇ ಟಿಕೆಟ್, ಮಧ್ಯಾಹ್ನ ಎಲ್ಲರೂ ಮನೆಗೆ ಬಂದು ನಿದ್ದೆ. ಅಲ್ಲಿದ್ದವರೆಲ್ಲ ನನ್ನನ್ನೇ ನೋಡಿದರು. "ಅಷ್ಟು ದುಡ್ಡು ಸುರಿದು ಅಲ್ಲಿಗೆ ಹೋಗಿ ಮಲಗೋದಾ?" ಎಂದರು ಒಬ್ಬರು. "ಸುಮ್ನೆ ಪ್ಯಾಕೇಜ್ ತಗೊಳ್ಳಿ, ತಲೆಗೆ 600 ಯೂರೋ ಆಗುತ್ತೆ, ತಲೆನೋವು ಇರಲ್ಲ" ಎಂದರು ಇನ್ನೊಬ್ಬರು. ಅಪ್ಪನಿಗೆ 71, ಅಮ್ಮನಿಗೆ 66. ಇಬ್ಬರಿಗೂ ಮಂಡಿ ನೋವು. ಹಾಗಾಗಿ ಅವರ ಅನುಮಾನ ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ನನ್ನ ಲೆಕ್ಕ ಸರಿ ಬಂತು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕೆಟ್ಟ ಕಥೆ. 2022ರ ಅಕ್ಟೋಬರ್‌ನಲ್ಲಿ ನಾನು, ನನ್ನ ಹೆಂಡತಿ ಇಬ್ಬರೇ ರೋಮ್‌ಗೆ ಹೋಗಿದ್ದೆವು. ಬುಧವಾರದಿಂದ ಭಾನುವಾರದವರೆಗೆ ಐದು ದಿನ. ಇಷ್ಟು ದಿನ ಇದ್ದರೂ ನೋಡಬೇಕಾದ ಅರ್ಧ ನೋಡಲಿಲ್ಲ. ಬುಧವಾರ ಬೆಳಿಗ್ಗೆ ನೇರವಾಗಿ ವ್ಯಾಟಿಕನ್‌ನ ದೊಡ್ಡ ಚರ್ಚ್ ಸೇಂಟ್ ಪೀಟರ್ಸ್‌ಗೆ ಹೋದೆವು. ಬುಧವಾರ ಪೋಪ್ ಅವರ ಸಾರ್ವಜನಿಕ ದರ್ಶನದ ದಿನ. ಚೌಕದ ತುಂಬ ಕುರ್ಚಿ, ಅದು ಮುಗಿಯುವವರೆಗೆ ಚರ್ಚ್ ಒಳಗೆ ಬಿಡುವುದಿಲ್ಲ. ಅದು ನನಗೆ ಗೊತ್ತಿರಬೇಕಿತ್ತು, ಗೊತ್ತಿರಲಿಲ್ಲ. ಹಳೇ ರೋಮನ್ನರ ದೊಡ್ಡ ಕ್ರೀಡಾಂಗಣ ಕೊಲೋಸಿಯಮ್‌ನ ಟಿಕೆಟ್ ಖಾಲಿಯಾಗಿತ್ತು ಅಂತ ಮಧ್ಯವರ್ತಿ ಒಬ್ಬರ ಹತ್ತಿರ ತಲೆಗೆ 40 ಯೂರೋ ಹತ್ತಿರ ಕೊಟ್ಟೆ, ನಿಜವಾದ ಬೆಲೆಯ ಎರಡು ಪಟ್ಟಿಗಿಂತ ಜಾಸ್ತಿ.

ಎಲ್ಲಕ್ಕಿಂತ ನೋವಾಗಿದ್ದು ಕೊನೆಯ ಭಾನುವಾರ. ತಿಂಗಳ ಕೊನೆಯ ಭಾನುವಾರ ವ್ಯಾಟಿಕನ್ ಮ್ಯೂಸಿಯಂ ಉಚಿತ. ಇಬ್ಬರಿಗೆ 40 ಯೂರೋ ಉಳಿಯುತ್ತದಲ್ವಾ ಅಂತ ಆ ದಿನಕ್ಕೇ ಇಟ್ಟುಕೊಂಡಿದ್ದೆ. ಕೋಟೆಯ ಗೋಡೆ ಹಿಡಿದು ಸಾಲು ಮೂಲೆ ತಿರುಗಿ ಹೋಗಿತ್ತು. ಎರಡೂವರೆ ಗಂಟೆ ನಿಂತೆವು. ಹನ್ನೆರಡೂವರೆಗೆ ಒಳಗೆ ಬಿಡುವುದು ನಿಲ್ಲಿಸುತ್ತಾರೆ. ನಮ್ಮ ಮುಂದೆ ಇನ್ನೂ ಇನ್ನೂರು ಜನರಾದರೂ ಇದ್ದರು. ಆ ರಾತ್ರಿ ವಿಮಾನ. ಆ ಮ್ಯೂಸಿಯಂ ಒಳಗಿರುವ, ಮೈಕೆಲಾಂಜೆಲೊ ಚಾವಣಿಗೆ ಚಿತ್ರ ಬರೆದ ಸಿಸ್ಟೀನ್ ಚಾಪೆಲ್ ನೋಡದೆ ವಾಪಸ್ ಬಂದೆವು. ಉಚಿತದ ಆಸೆಗೆ ಯಾವ ದಿನವನ್ನೂ ಕೊಡಬಾರದು ಅಂತ ಆವತ್ತೇ ತೀರ್ಮಾನ ಮಾಡಿದೆ.

ಇನ್ನೊಂದು ತಪ್ಪು ಮನೆಯದು. ರಾತ್ರಿಗೆ 35 ಯೂರೋ ಉಳಿಸಲು ಮೆಟ್ರೋ ಎ ಲೈನಿನ ಕೊನೆಯ ಕಡೆ ರೂಮ್ ಮಾಡಿದ್ದೆ. ಬೆಳಿಗ್ಗೆ ಹೊರಟರೆ ರಾತ್ರಿ ಹತ್ತಕ್ಕೇ ವಾಪಸ್. ಫೋನ್ ದಿನಕ್ಕೆ 27-28 ಸಾವಿರ ಹೆಜ್ಜೆ ತೋರಿಸುತ್ತಿತ್ತು. ಮೂರನೇ ದಿನ ನನ್ನ ಹೆಂಡತಿ ಟ್ರೆವಿ ಕಾರಂಜಿಯ ಮುಂದೆ ಕೂತು "ಇನ್ನು ನನ್ನ ಕೈಲಿ ಆಗಲ್ಲ" ಎಂದಳು. ಆಗ ಅವಳಿಗೆ 31. ಅಪ್ಪ ಅಮ್ಮನ ಪ್ಲಾನ್ ಮಾಡುವಾಗ ಆ ಮುಖವೇ ನನ್ನ ಕಣ್ಣ ಮುಂದೆ ಇತ್ತು.

ಹಾಗಾಗಿ ಈ ಸಲ ಮೊದಲು ಮನೆ, ಆಮೇಲೆ ಉಳಿದಿದ್ದು. ಮೋಂಟಿ ಅನ್ನುವ ಹಳೆಯ ಬಡಾವಣೆಯಲ್ಲಿ ಅಡುಗೆಮನೆ ಇರುವ, ಲಿಫ್ಟ್ ಇರುವ ಸಣ್ಣ ಫ್ಲಾಟ್. ಮೂರು ರಾತ್ರಿಗೆ 420 ಯೂರೋ ಹತ್ತಿರ. ಇದರ ಮೇಲೆ ನಗರದ ತೆರಿಗೆ ಬೇರೆ, ತಲೆಗೆ ರಾತ್ರಿಗೆ ಐದಾರು ಯೂರೋ. ನಾಲ್ಕು ಜನಕ್ಕೆ 70ರ ಆಸುಪಾಸು ಆಯಿತು. ಬುಕ್ ಮಾಡುವಾಗ ಈ ಮೊತ್ತ ಎಷ್ಟೋ ಸಲ ಕಾಣುವುದಿಲ್ಲ, ಎಷ್ಟೋ ಜನ ಲೆಕ್ಕದಲ್ಲಿ ಬಿಟ್ಟುಬಿಡುತ್ತಾರೆ. ಮೋಂಟಿಯಿಂದ ಕೊಲೋಸಿಯಮ್ ನಡೆದರೆ ಹತ್ತು ನಿಮಿಷ. ನಡುಹಗಲಲ್ಲಿ ಮನೆಗೆ ಬಂದು ಮಲಗುವುದು ಸಾಧ್ಯವಾಗಿದ್ದು ಈ ಜಾಗದಿಂದ. ಆ ಮನೆ ಯಾವ ಬೀದಿಯಲ್ಲಿದೆ ಎಂದು ಬಳಗದಲ್ಲಿ ಈಗ ಎಲ್ಲರೂ ಕೇಳುತ್ತಾರೆ. ಅದನ್ನು ಮಾತ್ರ ಹೇಳುವುದಿಲ್ಲ, ಮುಂದಿನ ವರ್ಷ ಅತ್ತೆ ಮಾವನಿಗೆ ಬೇಕು.

ಟಿಕೆಟ್ ವಿಷಯ. ಕೊಲೋಸಿಯಮ್ ಟಿಕೆಟ್ 30 ದಿನ ಮುಂಚೆ ಬಿಡುತ್ತಾರೆ. 2023ರ ಅಕ್ಟೋಬರ್‌ನಿಂದ ಪ್ರತಿ ಟಿಕೆಟ್ ಮೇಲೆ ಹೆಸರು ಇರಬೇಕು, ಗೇಟಿನಲ್ಲಿ ಪಾಸ್‌ಪೋರ್ಟ್ ನೋಡುತ್ತಾರೆ. ಇಲ್ಲಿ ನಮ್ಮವರಿಗೆ ಒಂದು ತೊಡಕು ಇದೆ. ಅಪ್ಪನ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ. ನಮ್ಮ ಕಡೆಯ ಹಿರಿಯರಲ್ಲಿ ಇದು ಮಾಮೂಲಿ. ಫಾರ್ಮ್‌ನಲ್ಲಿ ಎರಡೂ ಕಾಲಂ ತುಂಬಲೇಬೇಕು. ಮೊದಲ ಸಲ ಇನಿಷಿಯಲ್ ಅನ್ನು ಸರ್‌ನೇಮ್ ಅಂತ ಹಾಕಿದೆ. ಆ ರಾತ್ರಿ ನಿದ್ದೆ ಬರಲಿಲ್ಲ, ಪಾಸ್‌ಪೋರ್ಟ್‌ನಲ್ಲಿ ಆ ಅಕ್ಷರವೇ ಇಲ್ಲ. ಬೆಳಿಗ್ಗೆ ಇನ್ನೊಂದು ಟಿಕೆಟ್ ತೆಗೆದೆ, ಎರಡೂ ಕಾಲಂನಲ್ಲಿ ಅಪ್ಪನ ಹೆಸರನ್ನೇ ಹಾಕಿದೆ. 18 ಯೂರೋ ಹೋಯಿತು. ಗೇಟಿನಲ್ಲಿದ್ದ ಹುಡುಗಿ ಪಾಸ್‌ಪೋರ್ಟ್ ನೋಡಿದಳು, ಟಿಕೆಟ್ ನೋಡಿದಳು, ಒಳಗೆ ಬಿಟ್ಟಳು.

ಈ ಟಿಕೆಟ್‌ಗೆ 24 ಗಂಟೆ ಆಯುಸ್ಸು ಇದೆ, ಅದರಲ್ಲಿ ಕೊಲೋಸಿಯಮ್ ಜೊತೆ ಪಕ್ಕದ ಹಳೇ ಊರಿನ ಅವಶೇಷಗಳಾದ ರೋಮನ್ ಫೋರಮ್, ಪಲಟೈನ್ ಗುಡ್ಡ ಸೇರಿರುತ್ತವೆ. ಎಲ್ಲರೂ ಮೂರನ್ನೂ ಒಂದೇ ಬೆಳಿಗ್ಗೆ ಮುಗಿಸಲು ಹೋಗಿ ಸುಸ್ತಾಗುತ್ತಾರೆ. ನಾನು ಗುರುವಾರ ಮಧ್ಯಾಹ್ನ ಮೂರೂವರೆಯ ಸ್ಲಾಟ್ ಹಿಡಿದೆ. ಬೆಳಿಗ್ಗೆಯ ವಿಮಾನದಲ್ಲಿ ಬಂದು, ಮನೆಯಲ್ಲಿ ಮಲಗಿ, ಎದ್ದು ಟೀ ಕುಡಿದು ಹೊರಟೆವು. ಒಳಗೆ ಲಿಫ್ಟ್ ಇದೆ, ಅಮ್ಮನಿಗೆ ಅದು ಸಿಕ್ಕಿತು. ಸಂಜೆಯ ಬಿಸಿಲು ಮೇಲಿನ ಕಮಾನುಗಳ ಮೇಲೆ ಬಿದ್ದಿತ್ತು. ಫೋರಮ್ ಮರುದಿನ ಬೆಳಿಗ್ಗೆ ಒಂಬತ್ತಕ್ಕೆ. ಅದೇ ಟಿಕೆಟ್, ಹೊಸ ಕಾಲು. ಪ್ಯಾಕೇಜ್‌ನವರು ಇದನ್ನು ಯಾಕೆ ಮಾಡಲ್ಲ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಶುಕ್ರವಾರ ಸಂಜೆ ಪ್ಯಾಂಥಿಯಾನ್, ಈಗ ಚರ್ಚ್ ಆಗಿರುವ ಹಳೇ ರೋಮನ್ ದೇವಸ್ಥಾನ. 2023ರ ಜುಲೈನಲ್ಲಿ 5 ಯೂರೋ ಟಿಕೆಟ್ ಮಾಡಿದರು, ಮುಂಚೆ ಉಚಿತವಿತ್ತು. ಆ 5 ಯೂರೋಗೆ ಕೊರಗುವವರನ್ನು ನೋಡಿದ್ದೇನೆ, ಕೊರಗಬೇಡಿ. ನಾವು ಹೋದಾಗ ಮಳೆ. ನನ್ನ ಹೆಂಡತಿ "ದಿನ ಹಾಳಾಯ್ತು" ಎಂದಳು. ಆದರೆ ಒಳಗೆ ಹೋದರೆ ಗುಮ್ಮಟದ ನಡುವೆ ಇರುವ ಆ ದೊಡ್ಡ ತೂತಿನಿಂದ ಮಳೆ ನೇರವಾಗಿ ಒಳಗೆ ಸುರಿಯುತ್ತಿತ್ತು. ನಲವತ್ತು ಮೀಟರ್‌ಗಿಂತ ಎತ್ತರದಿಂದ ಬೀಳುವಾಗ ಹನಿಗಳು ಒಡೆದು ಹೊಗೆಯ ಹಾಗೆ ಕಾಣುತ್ತವೆ. ಕೆಳಗೆ ಅಮೃತಶಿಲೆಯ ನೆಲ ಒದ್ದೆ. ಸುತ್ತ ಹಗ್ಗ ಕಟ್ಟಿದ್ದರು. ಅಮ್ಮ ಹಗ್ಗದ ಹತ್ತಿರ ಬಗ್ಗಿ ನೆಲವನ್ನೇ ನೋಡುತ್ತಾ ನಿಂತರು. "ಇಲ್ಲಿ ನೋಡೋ, ನೆಲ ಸ್ವಲ್ಪ ಉಬ್ಬಿದೆ. ನೀರು ಹರಿದು ಹೋಗೋಕೆ ತೂತು ಬೇರೆ ಇಟ್ಟಿದ್ದಾರೆ. ನಮ್ಮ ಅಜ್ಜಿ ಮನೆ ತೊಟ್ಟಿ ಹಂಗೇ ಇದೆ" ಎಂದರು. ನಿಜ, ಕಲ್ಲಿನಲ್ಲಿ ಬೆರಳು ಹೋಗುವಷ್ಟು ಸಣ್ಣ ತೂತುಗಳು, ನೀರು ನಿಧಾನವಾಗಿ ಅವುಗಳ ಕಡೆ ಸಾಗುತ್ತಿತ್ತು. ಸುಮಾರು 1900 ವರ್ಷದ ಹಿಂದೆ ಹೇಡ್ರಿಯನ್ ಚಕ್ರವರ್ತಿಯ ಕಾಲದಲ್ಲಿ ಮಾಡಿದ ಏರ್ಪಾಡು, ಇವತ್ತಿಗೂ ಕೆಲಸ ಮಾಡುತ್ತಿದೆ. ನಾನು ಮೊದಲ ಸಲ ಬಂದಾಗ ಮೇಲೆ ಮಾತ್ರ ನೋಡಿದ್ದೆ.

ಅಲ್ಲಿಂದ ಐದು ನಿಮಿಷ ನಡೆದರೆ ಸಾಂತಗೊಸ್ತೀನೊ ಚರ್ಚ್. ಉಚಿತ, ಜನ ಕಡಿಮೆ. ಒಳಗೆ ಎಡಗಡೆ ಕಾರವಾಜ್ಜೊ ಬರೆದ ಚಿತ್ರ ಇದೆ. ಬಾಗಿಲಲ್ಲಿ ನಿಂತ ಮೇರಿ, ಮುಂದೆ ಮಂಡಿಯೂರಿದ ಇಬ್ಬರು ಬಡ ಯಾತ್ರಿಕರು. ಆ ಗಂಡಸಿನ ಅಂಗಾಲು ನಮ್ಮ ಮುಖದ ನೇರಕ್ಕೆ ಬರುತ್ತದೆ, ಪೂರ್ತಿ ಮಣ್ಣಾಗಿದೆ. ಅಪ್ಪ ಧರ್ಮಸ್ಥಳಕ್ಕೆ ಮೂರು ಸಲ ಪಾದಯಾತ್ರೆ ಮಾಡಿದವರು. ಬೇರೆ ಏನೂ ಹೇಳಲಿಲ್ಲ, "ಪಾಪ, ತುಂಬ ದೂರದಿಂದ ನಡೆದು ಬಂದಿದ್ದಾರೆ" ಎಂದಷ್ಟೇ ಹೇಳಿ ಅಲ್ಲೇ ಬೆಂಚಿನ ಮೇಲೆ ಕೂತರು. ರೋಮ್‌ನ ಚರ್ಚ್‌ಗಳಲ್ಲಿ ಇಂಥ ಚಿತ್ರಗಳು ದುಡ್ಡಿಲ್ಲದೆ ಸಿಗುತ್ತವೆ. ಒಂದೇ ಎಚ್ಚರಿಕೆ, ಬಹಳಷ್ಟು ಚರ್ಚ್‌ಗಳು ಮಧ್ಯಾಹ್ನ ಬಾಗಿಲು ಹಾಕುತ್ತವೆ. ಮೈಕೆಲಾಂಜೆಲೊ ಕೆತ್ತಿದ ಮೋಸೆಸ್ ಮೂರ್ತಿ ಇರುವ ಸಾನ್ ಪಿಯೆತ್ರೊ ಇನ್ ವಿಂಕೊಲಿ ಚರ್ಚ್ ನಮ್ಮ ಮನೆಯ ಹತ್ತಿರವೇ ಇತ್ತು. ಹೋದ ಸಲ ಒಂದು ಗಂಟೆಗೆ ಹೋಗಿ ಬೀಗ ನೋಡಿ ಬಂದಿದ್ದೆ. ಈಗ ಆ ಹೊತ್ತಿನಲ್ಲಿ ನಾವೂ ಬಾಗಿಲು ಹಾಕಿಕೊಂಡು ಮಲಗುತ್ತಿದ್ದೆವು.

ಊಟ. ಅಪ್ಪ ಅಮ್ಮ ಸಸ್ಯಾಹಾರಿಗಳು, ಇದರ ಬಗ್ಗೆ ಬಳಗದಲ್ಲಿ ಎಲ್ಲಕ್ಕಿಂತ ಜಾಸ್ತಿ ಹೆದರಿಸಿದ್ದರು. ಪೀಟ್ಸಾ ಅಲ್ ತಾಲ್ಯೊ ಅಂಗಡಿಗಳಲ್ಲಿ ಬೇಕಾದಷ್ಟು ಕತ್ತರಿಸಿ ತೂಕ ಮಾಡಿ ಕೊಡುತ್ತಾರೆ. ಆಲೂಗೆಡ್ಡೆ ರೋಸ್‌ಮೇರಿ ಹಾಕಿದ್ದು ಅಮ್ಮನಿಗೆ ಹಿಡಿಸಿತು, ನಾಲ್ಕು ಜನಕ್ಕೆ 16-17 ಯೂರೋದಲ್ಲಿ ಹೊಟ್ಟೆ ತುಂಬಿತು. ಸುಪ್ಲಿ ಎನ್ನುವ ಅನ್ನದ ಬೋಂಡಾ ನೋಡಿ ಆಸೆಪಟ್ಟು ಕೊಂಡುಬಿಡಬೇಡಿ, ಸಾಮಾನ್ಯವಾಗಿ ಒಳಗೆ ಮಾಂಸದ ಸಾರು ಇರುತ್ತದೆ. ಪೆಕೊರಿನೊ ಚೀಸ್‌ಗೆ ಕುರಿಮರಿಯ ಹೊಟ್ಟೆಯಿಂದ ತೆಗೆದ ರೆನೆಟ್ ಎನ್ನುವ ಹೆಪ್ಪು ಹಾಕುತ್ತಾರೆ, ಕಟ್ಟುನಿಟ್ಟಿನವರಿಗೆ ಆ ಚೀಸ್, ಮೆಣಸು ಹಾಕಿದ ಕಾಚೊ ಎ ಪೇಪೆ ಪಾಸ್ತಾ ಆಗುವುದಿಲ್ಲ. ಅಮ್ಮನಿಗೆ ಮುಂಚೆಯೇ ಹೇಳಿದೆ, ಅವರು ಬಿಟ್ಟರು. ಮಾರ್ಚ್ ಆರ್ಟಿಚೋಕ್ ಎನ್ನುವ, ಹೂಮೊಗ್ಗಿನಂಥ ತರಕಾರಿಯ ಕಾಲ. ಯಹೂದಿ ಕೇರಿಯಲ್ಲಿ ಇಡೀ ಆರ್ಟಿಚೋಕನ್ನು ಎಣ್ಣೆಯಲ್ಲಿ ಹೂವಿನ ಹಾಗೆ ಅರಳಿಸಿ ಕರಿದು ಕೊಡುತ್ತಾರೆ. ಎಸಳುಗಳು ನಮ್ಮ ಸಂಡಿಗೆ ಥರ ಗರಿಗರಿ. ಎರಡು ತಿಂದೆವು, ಮತ್ತೆ ಎರಡು ತರಿಸಿದೆವು.

ಆದರೂ ಎರಡನೇ ದಿನ ಅಪ್ಪ "ಸ್ವಲ್ಪ ಅನ್ನ ಸಿಗುತ್ತಾ" ಎಂದರು. ಪಿಯಾಜ್ಜಾ ವಿತ್ತೋರಿಯೊ ಹತ್ತಿರ ಎಸ್ಕ್ವಿಲೀನೊ ಮಾರ್ಕೆಟ್ ಇದೆ, ಮೋಂಟಿಯಿಂದ ಹದಿನೈದು ಇಪ್ಪತ್ತು ನಿಮಿಷದ ನಡಿಗೆ. ಬಾಂಗ್ಲಾದೇಶದವರ ಅಂಗಡಿಗಳು ಸಾಲಾಗಿ ಇವೆ. ಅಕ್ಕಿ, ತೊಗರಿ ಬೇಳೆ, ಹಸಿಮೆಣಸು, ಕರಿಬೇವು ಎಲ್ಲ ಸೇರಿ 9 ಯೂರೋ. ಪಕ್ಕದ ಅಂಗಡಿಯಲ್ಲಿ ಸಾದಾ ಮೊಸರು. ಸಾಸಿವೆ, ಇಂಗು ಅಮ್ಮನ ಬ್ಯಾಗಿನಲ್ಲೇ ಇತ್ತು. ಆ ಮೊಸರನ್ನ ತಿಂದು ಅಪ್ಪ ಒಂದೂವರೆ ಗಂಟೆ ಮಲಗಿದರು. ಸಂಜೆ ಅವರೇ ಎಲ್ಲರಿಗಿಂತ ಮೊದಲು ಶೂ ಹಾಕಿಕೊಂಡಿದ್ದರು.

ಶೂ ಅಂದಾಗ ನೆನಪಾಯಿತು. ಅಮ್ಮ ಚಪ್ಪಲಿಯಲ್ಲೇ ಬರುತ್ತೇನೆ ಎಂದಿದ್ದರು. ರೋಮ್‌ನ ಬೀದಿಗಳಲ್ಲಿ ಸಾಂಪಿಯೆತ್ರೀನಿ ಎನ್ನುವ ಕಪ್ಪು ಕಲ್ಲಿನ ಚೌಕಗಳು, ನಡುವೆ ಸಂದು. ಮಳೆ ಬಂದರೆ ಜಾರುತ್ತದೆ. ಮ್ಯೂನಿಕ್‌ನಲ್ಲೇ 55 ಯೂರೋ ಕೊಟ್ಟು ಶೂ ಕೊಡಿಸಿ ಒಂದು ವಾರ ಹಾಕಿಸಿ ನಡೆಸಿದೆ. ಇಡೀ ಪ್ರವಾಸದಲ್ಲಿ ಇದಕ್ಕಿಂತ ಒಳ್ಳೆಯ ಖರ್ಚು ಮಾಡಿಲ್ಲ.

ಒಂದೇ ಒಂದು ಬಾಟಲಿ ಬಿಟ್ಟರೆ ನೀರಿಗೆ ಪೈಸೆ ಕೊಡಲಿಲ್ಲ. ಬೀದಿಯಲ್ಲಿ ನಸೋನೆ ಎನ್ನುವ ಕಬ್ಬಿಣದ ನಲ್ಲಿಗಳು, ಊರಲ್ಲಿ ಸುಮಾರು 2500 ಇವೆ. ನಲ್ಲಿಯ ಬಾಯಿಯನ್ನು ಬೆರಳಿನಿಂದ ಮುಚ್ಚಿದರೆ ಮೇಲಿನ ಸಣ್ಣ ತೂತಿನಿಂದ ನೀರು ಕಾರಂಜಿಯ ಹಾಗೆ ಚಿಮ್ಮುತ್ತದೆ, ಬಗ್ಗದೆ ಕುಡಿಯಬಹುದು. ಮಂಡಿ ನೋವಿನವರಿಗೆ ಇದು ದೊಡ್ಡ ಉಪಕಾರ. ನಾನು ಮೂರು ಬೇರೆ ಬೇರೆ ನಲ್ಲಿಯ ನೀರನ್ನು ಬಾಟಲಿಗಳಲ್ಲಿ ತುಂಬಿ, ಜೊತೆಗೆ ಒಂದು ಅಂಗಡಿ ನೀರು ಇಟ್ಟು ಅಪ್ಪನಿಗೆ ರುಚಿ ನೋಡಿಸಿದೆ. ಅಪ್ಪ ಹೆಚ್ಚು ಅಂಕ ಕೊಟ್ಟಿದ್ದು ನಲ್ಲಿಯ ನೀರಿಗೆ. ಗಡಸು ನೀರು, ಟೀ ಪಾತ್ರೆಯ ತಳ ಎರಡೇ ದಿನದಲ್ಲಿ ಬೆಳ್ಳಗಾಯಿತು.

ಶನಿವಾರ ಬೆಳಿಗ್ಗೆ ಏಳಕ್ಕೆ ಸೇಂಟ್ ಪೀಟರ್ಸ್. ತೆರೆಯುವ ಹೊತ್ತಿಗೆ ಅಲ್ಲಿದ್ದರೆ ಸಾಲೇ ಇಲ್ಲ, ಹತ್ತು ನಿಮಿಷಕ್ಕೆ ಒಳಗೆ. ಬರ್ನಿನಿಯ ಕಂಚಿನ ಮಂಟಪಕ್ಕೆ ದುರಸ್ತಿಗೆ ಅಟ್ಟಣಿಗೆ ಕಟ್ಟಿದ್ದರು, ಅದು ಕಾಣಲಿಲ್ಲ. ಬೇಜಾರಾಯಿತು. ಆದರೆ ಬಲಗಡೆ ಗಾಜಿನ ಹಿಂದಿನ ಪಿಯೆಟಾ, ಸತ್ತ ಯೇಸುವನ್ನು ಮಡಿಲಲ್ಲಿ ಇಟ್ಟುಕೊಂಡ ಮೇರಿಯ ಮೈಕೆಲಾಂಜೆಲೊ ಶಿಲ್ಪ, ಅದರ ಮುಂದೆ ನಾವು ನಾಲ್ಕೇ ಜನ. ಅಲ್ಲಿಗೆ ಹೋಗಲು ವಿಯಾ ನಾತ್ಸಿಯೊನಾಲೆ ರಸ್ತೆಯಿಂದ 64ನೇ ನಂಬರ್ ಬಸ್. ಜೇಬುಗಳ್ಳರಿಗೆ ಹೆಸರಾದ ಬಸ್ಸು, ಆರೂವರೆಗೆ ಮಾತ್ರ ಖಾಲಿ ಇರುತ್ತದೆ. ಮನೆಗೆ ಬಂದು ಮಲಗಿ, ಮತ್ತೆ ಮೂರು ಗಂಟೆಗೆ ವ್ಯಾಟಿಕನ್ ಮ್ಯೂಸಿಯಂ, 20 ಯೂರೋ ಮತ್ತು ಬುಕಿಂಗ್‌ಗೆ 5. ಒಂದೇ ಕಡೆಗೆ ಎರಡು ಸಲ ಓಡಾಟ ಅಂತ ಹೆಂಡತಿ ವಾದ ಮಾಡಿದಳು. ಮಧ್ಯಾಹ್ನ ಗುಂಪುಗಳು ಕರಗಿರುತ್ತವೆ, ಅದಕ್ಕೇ ಆ ಹೊತ್ತು. ಒಳಗೆ ಯಾವ ಕ್ರಮದಲ್ಲಿ ನಡೆದೆವು ಎನ್ನುವುದು ನನ್ನ ಹತ್ತಿರವೇ ಇರಲಿ. ಸಿಸ್ಟೀನ್ ಚಾಪೆಲ್‌ನ ಗೋಡೆ ಪಕ್ಕದ ಬೆಂಚಿನಲ್ಲಿ ನಾಲ್ವರಿಗೂ ಜಾಗ ಸಿಕ್ಕಿತು. ಅಪ್ಪ ತಲೆಯನ್ನು ಗೋಡೆಗೆ ಒರಗಿಸಿ ಅರ್ಧ ಗಂಟೆ ಮೇಲೆ ನೋಡಿದರು. 2022ರಲ್ಲಿ ಗೋಡೆಯ ಹೊರಗಿನಿಂದ ವಾಪಸ್ ಹೋದ ಜಾಗ ಇದು. ನನ್ನ ಹೆಂಡತಿ ನನ್ನ ಕೈ ಹಿಡಿದುಕೊಂಡಳು.

ದುಡ್ಡಿನ ಲೆಕ್ಕ, ನೆನಪಿನಿಂದ. ವಿಮಾನ ನಾಲ್ಕು ಜನಕ್ಕೆ 360. ಇದರಲ್ಲಿ ಒಂದು ಬ್ಯಾಗ್ ಎರಡು ಸೆಂಟಿಮೀಟರ್ ಜಾಸ್ತಿ ಅಂತ ಗೇಟಿನಲ್ಲಿ ಕಿತ್ತುಕೊಂಡ 45 ಸೇರಿಲ್ಲ. ಮನೆ ಮತ್ತು ತೆರಿಗೆ 490. ಟಿಕೆಟ್‌ಗಳು 210, ಆ ಹಾಳಾದ 18 ಸೇರಿ. ಊಟ 180ರ ಹತ್ತಿರ. ವಿಮಾನ ನಿಲ್ದಾಣದಿಂದ ಎಲ್ಲರೂ ಲಿಯೊನಾರ್ಡೊ ಎಕ್ಸ್‌ಪ್ರೆಸ್ ರೈಲು ಎನ್ನುತ್ತಾರೆ, ತಲೆಗೆ 14. ನಾಲ್ಕು ಜನಕ್ಕೆ 56. ಊರೊಳಗಿನ ಹಳೆಯ ಕೋಟೆ ಗೋಡೆಯ ಒಳಗಿನ ಜಾಗಗಳಿಗೆ ಅಲ್ಲಿಂದ ಟ್ಯಾಕ್ಸಿಗೆ ನಿಗದಿ ದರ ಇದೆ, ನಾವು ಹೋದಾಗ 50. ಮನೆ ಬಾಗಿಲಿಗೇ ಬಿಡುತ್ತಾರೆ. ಹೋಗಿ ಬರಲು 100. ಬಸ್ಸಿಗೆ ಒಂದೂವರೆ ಯೂರೋ ಟಿಕೆಟ್, ಒಟ್ಟು 40 ದಾಟಲಿಲ್ಲ. ಮೂರು ದಿನದ ಪಾಸ್ ತಲೆಗೆ 18 ಇತ್ತು, ನಡೆಯುವವರಿಗೆ ಅದು ದಂಡ. ಅಮ್ಮನ ಶೂ ಬಿಟ್ಟು, ಬ್ಯಾಗಿನ 45 ಸೇರಿಸಿ ಒಟ್ಟು 1,425ರ ಆಸುಪಾಸು. ಪ್ಯಾಕೇಜ್ ಆಗಿದ್ದರೆ 2,400. ಹೆಜ್ಜೆ ದಿನಕ್ಕೆ 11 ಸಾವಿರ ದಾಟಲಿಲ್ಲ.

"ಮಲಗೋದಾ?" ಎಂದಿದ್ದ ಸ್ನೇಹಿತರು ಮೊನ್ನೆ ಯುಗಾದಿ ಊಟಕ್ಕೆ ಸಿಕ್ಕಿದ್ದರು. ಜೂನ್‌ನಲ್ಲಿ ಅವರ ಅಮ್ಮ ಬರುತ್ತಾರಂತೆ. ಹೋಳಿಗೆ ಮುಗಿಯುವ ಮೊದಲೇ ಫೋನ್ ತೆಗೆದು, ಕೊಲೋಸಿಯಮ್ ಸಂಜೆ ಸ್ಲಾಟ್ ಎಷ್ಟು ಗಂಟೆಗೆ ಎಂದು ಬರೆದುಕೊಂಡರು.