ಬ್ರೈಲ್‌ಗೆ ಪುಸ್ತಕ ಇಳಿಸುವ ಕೆಲಸ: ನನ್ನ ಅನುಭವ

ಕನ್ನಡದ ಕಥೆ, ಕವನಗಳನ್ನು ಬ್ರೈಲ್‌ಗೆ ಇಳಿಸುತ್ತೇನೆ ಅಂದರೆ ಜನ ತಕ್ಷಣ ಕೇಳುತ್ತಾರೆ, ‘ಈಗ ಅದಕ್ಕೂ ಸಾಫ್ಟ್‌ವೇರ್ ಬಂದಿದೆ ಅಲ್ವಾ?’ ಬಂದಿದೆ. ಆದರೆ ಅದಕ್ಕೆ ಕೊಡುವ ಫೈಲು ಶುದ್ಧವಾಗಿರಬೇಕು. ನನ್ನ ಸಮಯವೆಲ್ಲ ಹೋಗುವುದು ಅಲ್ಲೇ.

ಫೈಲು ಹೆಚ್ಚಾಗಿ ‘ನುಡಿ’ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟಿನಲ್ಲಿ ಬರುತ್ತದೆ. ಮೊದಲು ಯೂನಿಕೋಡ್‌ಗೆ ಬದಲಾಯಿಸುತ್ತೇನೆ. ಆಮೇಲೆ ಸೊನ್ನೆ ಹುಡುಕುವ ಕೆಲಸ. ‘ಅಂಗಡಿ’ ಟೈಪ್ ಮಾಡುವಾಗ ಅನುಸ್ವಾರದ ಜಾಗದಲ್ಲಿ ಎಷ್ಟೋ ಜನ ಕನ್ನಡ ಅಂಕಿಯ ಸೊನ್ನೆಯನ್ನೇ ಒತ್ತಿರುತ್ತಾರೆ. ಕಣ್ಣಿಗೆ ಎರಡೂ ಒಂದೇ. ಬ್ರೈಲ್‌ನಲ್ಲಿ ಮಾತ್ರ ಪದದ ನಡುವೆ ಅಂಕಿಯ ಗುರುತು ಬಂದು ಕೂರುತ್ತದೆ, ಓದುವ ಬೆರಳು ಎಡವುತ್ತದೆ. ಅರ್ಕಾವತ್ತನ್ನೂ ಬಿಡದೆ ನೋಡಬೇಕು. ‘ಸೂರ್ಯ’ ಬರೆದಾಗ ಅಚ್ಚಿನಲ್ಲಿ ಅದು ‘ಯ’ ಆದ ಮೇಲೆ ಕಾಣುತ್ತದೆ. ಬ್ರೈಲ್‌ನಲ್ಲಿ ನಾವು ಉಚ್ಚರಿಸುವ ಹಾಗೆ ‘ರ್’ ಮೊದಲು.

ಬ್ರೈಲ್‌ನಲ್ಲಿ ಒಂದೊಂದು ಗುರುತಿಗೂ ಆರು ಚುಕ್ಕೆಗಳ ಜಾಗವಿರುವ ಒಂದು ಮನೆ. ಒತ್ತಕ್ಷರ ಇಲ್ಲಿ ಅಡಿಯಲ್ಲಿ ಕೂರುವುದಿಲ್ಲ. ‘ಸ್ತ್ರೀ’ ಅಂದರೆ ಸ, ತ, ರ, ಈ, ಜೊತೆಗೆ ಅಕ್ಷರಗಳು ಕೂಡಿವೆ ಅಂತ ತೋರಿಸಲು ಎರಡು ಸಲ 4ನೇ ಚುಕ್ಕೆ. ಒಟ್ಟು 6 ಮನೆ! ಕಾಗದವೂ ದಪ್ಪ. ಹಾಗಾಗಿ ಸಾಧಾರಣ ಕಾದಂಬರಿಯೂ ಹಲವು ಸಂಪುಟಗಳಾಗುತ್ತದೆ.

ಕವನಕ್ಕೆ ಬೇರೆಯೇ ತಾಳ್ಮೆ ಬೇಕು. ಉದ್ದನೆಯ ಸಾಲು ಒಂದೇ ಗೆರೆಯಲ್ಲಿ ಹಿಡಿಯದೆ ಕೆಳಗೆ ಹೋದರೆ, ಅದು ಹೊಸ ಸಾಲೋ ಹಿಂದಿನದರ ಬಾಲವೋ ಬೆರಳಿಗೆ ತಿಳಿಯಬೇಕು. ಹೊಸ ಸಾಲನ್ನು ಅಂಚಿನಿಂದಲೇ ಶುರು ಮಾಡುತ್ತೇನೆ, ಬಾಲವನ್ನು ಎರಡು ಮನೆ ಬಿಟ್ಟು.

ಕರಡು ತಿದ್ದುವವರು ಹುಟ್ಟು ಅಂಧರು. ಅವರು ಬೆರಳಾಡಿಸಿ ಗಟ್ಟಿಯಾಗಿ ಓದುತ್ತಾರೆ, ನಾನು ಅಚ್ಚಿನ ಪುಸ್ತಕ ಹಿಡಿದು ಕೇಳುತ್ತೇನೆ. ಕಣ್ಣಿರುವವರು ಸ್ಕ್ರೀನ್ ನೋಡಿ ತಿದ್ದಿದರೆ ಸಾಕು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಹೊಸ ಸ್ವಯಂಸೇವಕರು ಕಷ್ಟದ ಪದಗಳಿಗೆ ಅರ್ಥ ಸೇರಿಸೋಣ ಅನ್ನುತ್ತಾರೆ. ಕರಡು ತಿದ್ದುವವರು ಅದಕ್ಕೆ ಬಿಡುವುದಿಲ್ಲ. ‘ಸುಮ್ನೆ ಕವಿ ಬರೆದಷ್ಟು ಕೊಡಿ ಮೇಡಂ, ಅರ್ಥ ನಾವು ಹುಡುಕಿಕೊಳ್ತೀವಿ.’

ಅನುಮತಿಯ ತಲೆನೋವು ಈಗ ಕಡಿಮೆ. 2012ರ ಕಾಪಿರೈಟ್ ಕಾಯ್ದೆ ತಿದ್ದುಪಡಿಯಿಂದ, ಲಾಭದ ಉದ್ದೇಶವಿಲ್ಲದೆ ಅಂಧರಿಗಾಗಿ ಬ್ರೈಲ್ ಮಾಡುವುದಕ್ಕೆ ಅವಕಾಶವಿದೆ. ಫೋನ್ ಮಾಡುವ ಹುಡುಗರು ಜಾಸ್ತಿ ಕೇಳುವುದು ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳನ್ನು. ಅದು ಸರಿಯೇ, ಕೆಲಸ ಬೇಕಲ್ಲ. ಆದರೆ ಪ್ರತಿ ಪಾರ್ಸಲ್‌ಗೂ ನಾನು ಒಂದು ಕಥಾಸಂಕಲನ ಸೇರಿಸುತ್ತೇನೆ. ಅಂಧರ ಸಾಹಿತ್ಯದ ಪೊಟ್ಟಣಕ್ಕೆ 7 ಕೆ.ಜಿ. ತನಕ ಅಂಚೆ ಖರ್ಚಿಲ್ಲ, ಹಾಗಾಗಿ ಯಾರೂ ಆಕ್ಷೇಪಿಸಿಲ್ಲ.